ಒಬ್ಬರು ಮೆಡಿಕೇರ್ ಸೇರಿದರೆ ಇನ್ನೊಬ್ಬರ ಎಚ್‌ಎಸ್‌ಎ ಮಿತಿ ಇಳಿಯುತ್ತದೆಯೇ?

ಅಮೆರಿಕದಲ್ಲಿ ದುಡಿದು ನಿವೃತ್ತಿಯ ಹೊಸ್ತಿಲಿಗೆ ಬಂದಿರುವ ಕನ್ನಡಿಗ ದಂಪತಿಗಳಿಗೆ ಈ ಪ್ರಶ್ನೆ ಎದುರಾಗದೆ ಇರದು. ಗಂಡನಿಗೆ 65 ತುಂಬಿ ಮೆಡಿಕೇರ್ ಬಂತು, ಹೆಂಡತಿ ಇನ್ನೂ ಕೆಲಸದಲ್ಲಿದ್ದಾಳೆ. ಹಾಗಾದರೆ ಹೆಲ್ತ್ ಸೇವಿಂಗ್ಸ್ ಅಕೌಂಟಿಗೆ ಅವಳು ತುಂಬಬಹುದಾದ ಮೊತ್ತ ಕಡಿಮೆಯಾಗುತ್ತದೆಯೇ? ತನ್ನಷ್ಟಕ್ಕೆ ಕಡಿಮೆಯಾಗುವುದಿಲ್ಲ. ಆದಾಯ ತೆರಿಗೆ ಸಂಹಿತೆಯ 223ನೇ ಸೆಕ್ಷನ್ ಅರ್ಹತೆಯನ್ನು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ನೋಡುತ್ತದೆ, ಮಿತಿಯನ್ನು ಮಾತ್ರ ವಿಮೆಯ ವ್ಯಾಪ್ತಿಯ ಮೇಲೆ ಗೊತ್ತುಮಾಡುತ್ತದೆ. ಮೆಡಿಕೇರ್ ಸೇರಿದ ತಿಂಗಳಿಂದ ಗಂಡನ ಅರ್ಹತೆ ಹೋಯಿತು; ಹೆಂಡತಿಯದು ಹಾಗೇ ಉಳಿಯಿತು. ಅವಳ ಹೈ ಡಿಡಕ್ಟಿಬಲ್ ಪಾಲಿಸಿಯಲ್ಲಿ ಗಂಡನೋ ಮಕ್ಕಳೋ ಇದ್ದರೆ ಅದು ಕುಟುಂಬ ಪಾಲಿಸಿಯೇ. 2026ರಲ್ಲಿ ಅದರ ಮಿತಿ 8,750 ಡಾಲರ್, ಒಬ್ಬರಿಗಷ್ಟೇ ಇರುವ ಪಾಲಿಸಿಗೆ 4,400. ಅವಳಿಗೆ 55 ದಾಟಿದ್ದರೆ ಇನ್ನೊಂದು ಸಾವಿರ ಸೇರುತ್ತದೆ.

ಅರ್ಹತೆಯೇ ಇಲ್ಲದವರನ್ನು ಪಾಲಿಸಿಯಲ್ಲಿಟ್ಟುಕೊಂಡು ಕುಟುಂಬದ ಮಿತಿ ಬಳಸುವುದು ಸರಿಯೇ ಎಂದು ಕೆಲವರಿಗೆ ಅನುಮಾನ ಬರಬಹುದು. ಕಾನೂನು ಕೇಳುವುದು ಹಣ ತುಂಬುವವರಿಗೆ ಬೇರೆ ವಿಮೆಯ ರಕ್ಷಣೆ ಇದೆಯೇ ಎಂದು. ಮೆಡಿಕೇರ್ ಗಂಡನಿಗೆ ಮಾತ್ರ ರಕ್ಷಣೆ ಕೊಡುತ್ತದೆ, ಹೆಂಡತಿಗಲ್ಲ. ಸಂಗಾತಿಗೆ ಬೇರೆ ವಿಮೆಯಿದ್ದರೂ ಅದರಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನಿಮ್ಮ ಅರ್ಹತೆಗೆ ಧಕ್ಕೆಯಿಲ್ಲವೆಂದು ಐಆರ್‌ಎಸ್ 2005ರ ತೀರ್ಮಾನವೊಂದರಲ್ಲೇ ಹೇಳಿದೆ. ಗಂಡ ಪಾಲಿಸಿಯಿಂದಲೇ ಹೊರಬಿದ್ದು ಅದರಲ್ಲಿ ಅವಳೊಬ್ಬಳೇ ಉಳಿದರೆ ಲೆಕ್ಕ ಬೇರೆ, ಆಗ ತಿಂಗಳುಗಳನ್ನು ಎಣಿಸಬೇಕು. ಜೂನ್ ಕೊನೆಯವರೆಗೆ ಕುಟುಂಬ ಪಾಲಿಸಿ, ಜುಲೈಯಿಂದ ಒಬ್ಬಳದೇ ಎಂದಾದರೆ ಮೊದಲರ್ಧಕ್ಕೆ 4,375, ಉಳಿದರ್ಧಕ್ಕೆ 2,200, ಒಟ್ಟು 6,575 ಡಾಲರ್.

ನಿಜವಾದ ಅಪಾಯ ಇರುವುದು ಹಿರಿಯರ ಸ್ವಂತ ಖಾತೆಯಲ್ಲಿ. 65ರ ನಂತರವೂ ಕೆಲಸದಲ್ಲಿದ್ದು ಮೆಡಿಕೇರ್ ಮುಂದೂಡಿದವರು ಕೊನೆಗೆ ಅರ್ಜಿ ಹಾಕಿದಾಗ ಪಾರ್ಟ್ ಎ ಆರು ತಿಂಗಳವರೆಗೆ ಹಿಂದಿನ ದಿನಾಂಕದಿಂದ ಜಾರಿಯಾಗುತ್ತದೆ (65 ತುಂಬಿದ ತಿಂಗಳಿಗಿಂತ ಹಿಂದಕ್ಕೆ ಮಾತ್ರ ಹೋಗದು). ಆ ತಿಂಗಳುಗಳಲ್ಲಿ ತುಂಬಿದ ಹಣ ಹೆಚ್ಚುವರಿಯಾಗುತ್ತದೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಅದನ್ನೂ ಅದರ ಗಳಿಕೆಯನ್ನೂ ಹಿಂತೆಗೆಯದಿದ್ದರೆ, ಖಾತೆಯಲ್ಲಿ ಉಳಿದಷ್ಟು ವರ್ಷ ಪ್ರತಿವರ್ಷ ಶೇ 6ರ ದಂಡತೆರಿಗೆ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಶುರುವಾಗಿದ್ದವರಿಗೆ ಮುಂದೂಡುವ ದಾರಿಯೂ ಇಲ್ಲ. 65ಕ್ಕೆ ಪಾರ್ಟ್ ಎ ತಾನಾಗಿ ಬರುತ್ತದೆ. ಆದ್ದರಿಂದ 65 ಸಮೀಪಿಸುವ ವರ್ಷದಲ್ಲಿ ಕುಟುಂಬದ ಪೂರ್ತಿ ಮೊತ್ತವನ್ನು ಕಿರಿಯರ ಖಾತೆಗೇ ಹಾಕುವುದು ಕ್ಷೇಮವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಆರು ತಿಂಗಳ ನಿಯಮ ಆ ಖಾತೆಯನ್ನು ಮುಟ್ಟದು. 55 ದಾಟಿದವರ ಹೆಚ್ಚುವರಿ ಸಾವಿರ ಮಾತ್ರ ಅವರವರ ಖಾತೆಗೇ ಹೋಗಬೇಕು. ಹಿರಿಯರು ಅದನ್ನೂ ಅರ್ಹರಾಗಿದ್ದ ತಿಂಗಳುಗಳಷ್ಟಕ್ಕೇ ತುಂಬಬಹುದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿರುವವರು ರಾಜ್ಯದ ತೆರಿಗೆಯಲ್ಲಿ ಎಚ್‌ಎಸ್‌ಎಗೆ ತುಂಬಿದ ಹಣಕ್ಕೆ ವಿನಾಯಿತಿ ಇಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಸಲಹೆಗೆ ಒಂದು ಗಟ್ಟಿ ಆಕ್ಷೇಪವಿದೆ. ಹೆಂಡತಿಯ ಖಾತೆಯಿಂದ ಗಂಡನ ಆಸ್ಪತ್ರೆ, ಔಷಧಿ, ಹಲ್ಲಿನ ಖರ್ಚನ್ನು ತೆರಿಗೆಯಿಲ್ಲದೆ ಕೊಡಬಹುದು. ಆದರೆ ಅವನ ಮೆಡಿಕೇರ್ ಪ್ರೀಮಿಯಂ ಕೊಡಬೇಕೆಂದರೆ ಖಾತೆದಾರಳಿಗೇ 65 ಆಗಿರಬೇಕು. ಅದಕ್ಕೇ ಗಂಡನ ಖಾತೆಯಲ್ಲಿ ಹಿಂದಿನ ವರ್ಷಗಳ ಹಣವಿದ್ದರೆ ಅದನ್ನು ಬರಿದು ಮಾಡದೆ ಉಳಿಸಿಕೊಳ್ಳಬೇಕು. ಹೊಸದಾಗಿ ತುಂಬುವ ಹಕ್ಕು ಹೋದರೂ ಇರುವುದನ್ನು ಖರ್ಚು ಮಾಡುವ ಹಕ್ಕು ಹೋಗುವುದಿಲ್ಲ. ಪಾರ್ಟ್ ಬಿ, ಪಾರ್ಟ್ ಡಿ ಪ್ರೀಮಿಯಂಗಳನ್ನು ಅದರಿಂದಲೇ ಕಟ್ಟಬಹುದು. ಮೆಡಿಗ್ಯಾಪ್ ಪಾಲಿಸಿಯ ಪ್ರೀಮಿಯಂಗೆ ಮಾತ್ರ ಅವಕಾಶವಿಲ್ಲ.