ಉಲ್ಲನ್ ಬಣ್ಣ ಗಂಗಾಳದಾಗ ಐತಿ!



ಹೆಣಿಕೆ ಕಲಿಯುವವರಿಗೆ ಕಡ್ಡಿ ಹಿಡಿಯುವುದು ಒಂದು ವಾರದಲ್ಲಿ ಬರುತ್ತದೆ. ಆದರೆ "ಯಾವ ಬಣ್ಣಕ್ಕ ಯಾವ ಬಣ್ಣ ಕೂಡಸಬೇಕ?" ಎಂಬ ಪ್ರಶ್ನೆ ವರ್ಷವಾದರೂ ಬಿಡುವುದಿಲ್ಲ. ಅಂಗಡಿಯಲ್ಲಿ ಗೋಡೆ ತುಂಬ ಉಂಡೆಗಳು. ನೋಡಿ ನೋಡಿ ತಲೆ ತಿರುಗಿ, ಕಡೆಗೆ ಹೆಣ್ಣು ಕೂಸಿಗೆ ಗುಲಾಬಿ, ಗಂಡು ಕೂಸಿಗೆ ತಿಳಿನೀಲಿ ತಂದು ಮುಗಿಸುತ್ತೇವೆ. ಊರಾಗಿನ ಕೂಸುಗಳೆಲ್ಲ ಒಂದೇ ಮನಿಯವರಂಗ ಕಾಣತಾವ! ಉಲ್ಲನ್ ಪುಕ್ಕಟೆ ಬರುವುದಿಲ್ಲ. ಹೆಣಿಕೆ ತಪ್ಪಿದರೆ ಬಿಚ್ಚಬಹುದು, ಬಣ್ಣ ತಪ್ಪಿದರೆ ರೊಕ್ಕ ಹೋದಂತೆಯೇ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಕಣ್ಣಿಗೆ ಸ್ವಲ್ಪ ಕೆಲಸ ಕೊಡಬೇಕು.

ಮೊದಲು ಊಟದ ಗಂಗಾಳ ನೋಡ್ರಿ. ಜೋಳದ ರೊಟ್ಟಿಗೆ ಬಿಳಿ ಅಂತೀವಿ. ಮೊಸರಿನ ಬಾಜೂಕ ಇಟ್ಟು ನೋಡಿದರೆ ಅದರಲ್ಲಿ ಸ್ವಲ್ಪ ಬೂದಿ, ಸ್ವಲ್ಪ ಹಳದಿ ಕಾಣುತ್ತದೆ. ಮೇಲೆ ಹಂಚಿನ ಕಂದು ಚುಕ್ಕೆ. ಪಕ್ಕದಲ್ಲಿ ಗುರೆಳ್ಳು ಚಟ್ನಿ ಕಪ್ಪು, ಶೇಂಗಾ ಚಟ್ನಿ ಇಟ್ಟಂಗಿ ಕೆಂಪು, ಅಗಸಿ ಚಟ್ನಿ ಕಂದು. ತುದಿಗೆ ಒಂದು ಹಸಿರು ಉಳ್ಳಾಗಡ್ಡಿ ತಪ್ಪಲ. ಇಷ್ಟೂ ಬಣ್ಣ ಒಂದಕ್ಕೊಂದು ಜಗಳ ಆಡುವುದಿಲ್ಲ, ಯಾಕೆ? ಅಳತೆ ನೋಡಿ. ಮುಕ್ಕಾಲು ಪಾಲು ರೊಟ್ಟಿಯೇ ಇದೆ. ಕಪ್ಪು ಒಂದು ಚಮಚ, ಹಸಿರು ಒಂದು ಎಳೆ. ಸ್ವೆಟರನ್ನೂ ಇದೇ ಅಳತೆಯಲ್ಲಿ ಹೆಣೆಯಬಹುದು: ಮೈಯೆಲ್ಲ ರೊಟ್ಟಿ ಬಣ್ಣ, ಅಂಚಿಗೆ ಇಟ್ಟಂಗಿ ಕೆಂಪು, ನಡುವೆ ಎರಡು ಸಾಲು ಕಪ್ಪು, ಒಂದೇ ಒಂದು ಸಾಲು ಹಸಿರು. ಐದೂ ಬಣ್ಣ ಸಮಸಮ ಹಾಕಿದರ ಅದು ಸ್ವೆಟರ್ ಆಗೂದಿಲ್ಲ, ಜಾತ್ರಿ ಪೀಪಿ ಆಗತೈತಿ.

ಇನ್ನು ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಒಣಗಿ ಸುಕ್ಕುಬಿದ್ದ ಕಾಯಿ ಕಡುಗೆಂಪು, ಅದನ್ನೇ ಕುಟ್ಟಿದ ಪುಡಿ ಕಿತ್ತಳೆಯ ಕಡೆಗೆ ವಾಲುತ್ತದೆ, ಗಿಡದ ಮೇಲಿನ ಹಣ್ಣು ಇವೆರಡಕ್ಕಿಂತ ಹೊಳಪು. ಒಂದೇ ಕಾಯಿಯಲ್ಲಿ ಮೂರು ಕೆಂಪು! ಬಣ್ಣ ಕೂಡಿಸಲು ಧೈರ್ಯ ಬಾರದವರು ಹೀಗೆ ಒಂದೇ ಬಣ್ಣದ ಮೂರು ಮೆಟ್ಟಿಲು ಆರಿಸಿಕೊಂಡರೆ ಕೆಡುವ ಭಯ ಕಡಿಮೆ. ಹಿಂಗಾರಿಯಲ್ಲಿ ಎರಿ ಹೊಲಕ್ಕೆ ಹೋದರೆ ಕರಿಮಣ್ಣಿನ ಮೇಲೆ ಕುಸುಬಿ ಹೂವಿನ ಹಳದಿ-ಕೇಸರಿ, ಕಡಲಿ ಹೂವಿನ ನೇರಳೆ ಸಿಗುತ್ತವೆ. ಧಾರವಾಡ ಪೇಢೆಯ ಕಂದು ಮತ್ತು ಮೇಲಿನ ಸಕ್ಕರೆಯ ಬಿಳುಪು ಕೂಡ ಒಳ್ಳೆ ಜೋಡಿ. (ನೋಡಿ ಆದ ಮೇಲೆ ತಿನ್ನಬಹುದು.)

ನಮ್ಮ ಭಾಗದ ಕಸೂತಿಯವರು ಇದನ್ನೆಲ್ಲ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಯಲ್ಲಿ, ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಗೋಪುರ, ತೇರು, ತುಳಸಿಕಟ್ಟೆ, ನವಿಲು ತೆಗೆಯುತ್ತಾರೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಕಿತ್ತಳೆ, ಹಸಿರು, ನೇರಳೆ ದಾರ ದೀಪ ಹಚ್ಚಿದಂತೆ ಹೊಳೆಯುತ್ತವೆ. ಎರಿ ಹೊಲದ ಹೂವೂ ಹಂಗ ಅಲ್ಲೇನು?

ಹೀಗೇಕೆ ಹೊಳೆಯುತ್ತದೆ ಎಂಬುದಕ್ಕೆ ಶಾಸ್ತ್ರವೂ ಇದೆ. ಫ್ರಾನ್ಸ್ ದೇಶದಲ್ಲಿ ಶೆವ್ರೂಲ್ ಎಂಬ ರಸಾಯನ ವಿಜ್ಞಾನಿ ಇದ್ದರು (1786–1889, ನೂರಾ ಎರಡು ವರ್ಷ ಬದುಕಿದರು!). ಗೊಬೆಲಿನ್ಸ್ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. "ನಿಮ್ಮ ಕಪ್ಪು ಉಣ್ಣೆಗೆ ಕಸುವಿಲ್ಲ" ಎಂದು ನೇಕಾರರ ತಕರಾರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ; ನೀಲಿ, ನೇರಳೆಯ ಪಕ್ಕ ನೇಯ್ದದ್ದರಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣ ನಮ್ಮ ಕಣ್ಣಿನಲ್ಲಿ ಈ ಬಣ್ಣವನ್ನೂ ಬದಲಿಸುತ್ತದೆ ಎಂದು ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ನೀವೂ ಪರೀಕ್ಷೆ ಮಾಡಿ: ಒಂದೇ ಕೆಂಪು ಎಳೆಯನ್ನು ಒಮ್ಮೆ ಕರಿ ಬಟ್ಟೆ ಮೇಲೆ, ಒಮ್ಮೆ ಕಿತ್ತಳೆ ಬಟ್ಟೆ ಮೇಲೆ ಇಟ್ಟು ನೋಡಿ. ಅದಕ್ಕೇ ಒಂದೇ ಉಂಡೆ ಕೈಯಲ್ಲಿ ಹಿಡಿದು "ಚಂದ ಐತಿ" ಎಂದು ಕೊಳ್ಳಬಾರದು.

ಕೊಳ್ಳುವ ಮೊದಲು ಮಾಡುವ ಕೆಲಸ: ಹಳೇ ಪಾಟಿಚೀಲದ ರಟ್ಟೋ ನೋಟ್‌ಬುಕ್ಕಿನ ರಟ್ಟೋ ಸಣ್ಣಗೆ ಕತ್ತರಿಸಿ, ಮನೆಯಲ್ಲಿ ಉಳಿದ ತುಂಡು ಉಲ್ಲನ್ನನ್ನು ಅಳತೆ ಪ್ರಕಾರ ಸುತ್ತಿ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಅಂಗಳದ ಬೆಳಕಿನಲ್ಲಿ ನೋಡಿ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ಎರಡು ಬಣ್ಣ ಒಂದೇ ಆಗಿ ಕೂಡಿಹೋದರೆ, ಒಂದನ್ನು ತಿಳಿ ಮಾಡಿ ಅಥವಾ ಗಾಢ ಮಾಡಿ. ಇಲ್ಲವಾದರೆ ಹೆಣೆದ ಹೂವು ದೂರದಿಂದ ಕಾಣುವುದಿಲ್ಲ. ಬೇಕಾದಷ್ಟು ಉಂಡೆ ಒಮ್ಮೆಗೇ ತನ್ನಿ, ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇರಲಿ.

ಬಣ್ಣ ಆರಿಸುವ ಸ್ವಾತಂತ್ರ್ಯ ಇಲ್ಲದ ಕೆಲಸವೂ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಿಸುವಾಗ ಕೇಸರಿ, ಹಸಿರು ಎಷ್ಟಿರಬೇಕೋ ಅಷ್ಟೇ ಇರಬೇಕು. ನಮಗೆ ಆ ಕಟ್ಟು ಇಲ್ಲ.

ನನಗೆ ಚಿಂತೆ ಇರುವುದು ಬೇರೆ ವಿಷಯಕ್ಕೆ. ನಮ್ಮ ಅಜ್ಜಿಯಂದಿರು ಇಳಕಲ್ ಸೀರೆ ನೋಡಿ ದಾಳಿಂಬರಿ ಬಣ್ಣ, ನವಿಲಗೊರಳ ಬಣ್ಣ, ಗಿಣಿಹಸಿರು, ಬದನಿಕಾಯಿ ಬಣ್ಣ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಅಂತಾರ. ನಾವು ಎಲ್ಲಕ್ಕೂ "ಡಾರ್ಕ್", "ಲೈಟ್" ಅಂದು ಕೈತೊಳೆದುಕೊಳ್ಳುತ್ತೇವೆ. ಗಿಣಿಹಸಿರು ಅಂದಾಗ ಗಿಣಿ ಕಣ್ಣಮುಂದೆ ಬರುತ್ತದೆ, ಅದರ ಕೆಂಪು ಕೊಕ್ಕೂ ಬರುತ್ತದೆ. ಅಂಚಿಗೆ ಯಾವ ಬಣ್ಣ ಹಾಕಬೇಕು ಎಂಬ ಉತ್ತರ ಹೆಸರಿನಲ್ಲೇ ಸಿಕ್ಕಿತು. ಲೈಟ್ ಗ್ರೀನ್ ಅಂದರೆ ಏನು ಬರುತ್ತದೆ?

ಈ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದೆ. ಮನೆಯಲ್ಲಿ ಅಜ್ಜಿ, ಆಯಿ, ಅವ್ವ, ಅತ್ತಿ ಯಾರನ್ನಾದರೂ ಕೇಳಿ, ಅವರು ಹೇಳುವ ಒಂದೊಂದು ಬಣ್ಣದ ಹೆಸರನ್ನು ಶನಿವಾರದೊಳಗೆ ಇಲ್ಲಿ ಬರೆಯಿರಿ. ಬರೆದ ಹೆಸರಿನ ಪಕ್ಕ ಅದೇ ಬಣ್ಣದ ಒಂದು ಎಳೆ ದಾರ ಅಂಟಿಸಿದರೆ ಇನ್ನೂ ಚಲೋ. ಗೋಂದು ಹೊಲಿಗೆ ಪೆಟ್ಟಿಗೆಯಲ್ಲಿದೆ.