ಮೂಟೆಗೆ ಎರಡು ಕೇಜಿ

ಪ್ರಶ್ನೆ: ಅಕ್ಕಾ, ನಾನು ಗುಂಡ್ಲುಪೇಟೆ ಪಕ್ಕದ ಹಳ್ಳಿಯವಳು. ಒಂದು ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಬಳ 11,000. ಯಜಮಾನರು ಪಿಕಪ್‌ನಲ್ಲಿ ಬತ್ತೇರಿಗೆ ಲೋಡು ಹೊಡೆಯುತ್ತಾರೆ. ನಾನು ಮದುವೆಯಾದ ಮೇಲೆ ಸಭೆಗೆ ಸೇರಿದವಳು. ತವರಿನವರು ಈಗಲೂ ಮಾದಪ್ಪನ ಒಕ್ಕಲು. ಈಗ ಒಂದು ವರ್ಷದಿಂದ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ನಾನು ದೇವರಿಗೆ ವಿಧೇಯಳಲ್ಲ ಎಂದು ಅಲ್ಲಿ ಹೇಳುತ್ತಾರೆ. ಅಣ್ಣನ ಮನೆ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬಂದೆ, ಅದು ತಪ್ಪಂತೆ. ಯಜಮಾನರು ಎಷ್ಟೋ ಭಾನುವಾರ ಆರಾಧನೆ ತಪ್ಪಿಸುತ್ತಾರೆ. ದಶಮಾಂಶ 1,100 ತಪ್ಪದೆ ಕೊಡುತ್ತಿದ್ದೇನೆ, ಆದರೆ ಅದರಿಂದ ಅತ್ತೆಯ ಶುಗರ್ ಮಾತ್ರೆಗೆ ದುಡ್ಡು ಸಾಲುವುದಿಲ್ಲ. ಎಂಟು ವರ್ಷದ ಮಗಳಿಗೆ ಫಿಟ್ಸ್ ಬರುತ್ತದೆ. ಹೊರಗಿನಿಂದ ಬಂದ ಬೋಧಕರೊಬ್ಬರು, ತಾಯಿಯ ಅವಿಧೇಯತೆಯಿಂದಲೇ ಹೀಗಾಗಿದೆ, ನಂಬಿಕೆಯಿದ್ದರೆ ಮಾತ್ರೆ ಯಾಕೆ ಎಂದರು. ಮೂರು ದಿನದಿಂದ ನಿದ್ದೆಯಿಲ್ಲ. ನಾವೇನು ಪಾಸ್ಟರೂ ಅಲ್ಲ, ಬೈಬಲ್ ಕಾಲೇಜಿಗೆ ಹೋದವರೂ ಅಲ್ಲ. ನಮ್ಮಂಥ ಸಾಮಾನ್ಯರು ದೇವರಿಗೆ ನಂಬಿಗಸ್ತರಾಗಿರುವುದು ಹೇಗೆ?

ಇನ್ನೊಂದು ಮಾತು, ಇದೇನೂ ದೊಡ್ಡದಲ್ಲ. ಮಂಡಿಯಲ್ಲಿ ರೈತರ ತೂಕದಿಂದ ಮೂಟೆಗೆ ಎರಡು ಕೇಜಿ ಸೂಟು ಎಂದು ಕಳೆದು ಬರೆಯಬೇಕು, ಅದು ಎಲ್ಲ ಕಡೆ ಇರುವುದೇ. ಮೊನ್ನೆ ಒಬ್ಬ ತಾತ, ‘ಮನೇಲೇ ತೂಗ್ಸಿ ತಂದಿನಿ ಕನವ್ವ, ಎರಡ್ ಕೇಜಿ ಎಲ್ಗೋಯ್ತು?’ ಅಂದರು. ಮಿಷಿನ್ ತೋರಿಸಿದ್ದಷ್ಟೇ ಬರೆದಿದ್ದೀನಿ ತಾತ ಅಂದೆ. ಯಾಕೋ ಅದೂ ಮನಸ್ಸಿನಲ್ಲಿ ಉಳಿದಿದೆ.

ಉತ್ತರ: ತಂಗೀ, ಮೊದಲು ಮಗಳ ವಿಷಯ, ಅದು ಕಾಯುವಂಥದ್ದಲ್ಲ. ಫಿಟ್ಸ್ ಮಾತ್ರೆಯನ್ನು ಯಾರು ಹೇಳಿದರೂ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಬಿಡುವಿಲ್ಲದೆ ಬರಬಹುದು, ಜೀವಕ್ಕೇ ಅಪಾಯ. ಇನ್ನು ಅದು ನಿಮ್ಮ ಪಾಪದ ಫಲ ಎಂಬ ಮಾತು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ್ದು ಇದನ್ನೇ: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು. ಇಬ್ಬರೂ ಅಲ್ಲ ಎಂದರು ಯೇಸುಸ್ವಾಮಿ. ಸ್ವಾಮಿಯೇ ಹೊರಿಸದ ಹೊರೆಯನ್ನು ಹೊರಿಸಲು ಬಂದ ಆ ಬೋಧಕರು ಯಾರು? ಕೋಪದಲ್ಲೇ ಬರೆಯುತ್ತಿದ್ದೇನೆ, ಇರಲಿ. ಸಭೆ ಮದ್ದಿಗೆ ಎದುರಾಗಿ ನಿಂತದ್ದಲ್ಲ. ನಮ್ಮ ಜಿಲ್ಲೆಯಲ್ಲೇ ಕೊಳ್ಳೇಗಾಲದ ಕಡೆ ಕಾಮಗೆರೆಯಲ್ಲಿ ಕನ್ಯಾಸ್ತ್ರೀಯರ ಹೋಲಿ ಕ್ರಾಸ್ ಆಸ್ಪತ್ರೆ ಇದೆ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ತೆರೆದವರು ವೆಸ್ಲಿಯನ್ ಮಿಷನ್‌ನವರು. ಪ್ರಾರ್ಥನೆ ಮಾಡುತ್ತಲೇ ಮಾತ್ರೆ ಎಣಿಸಿ ಕೊಟ್ಟ ಕೈಗಳವು.

ಗೃಹಪ್ರವೇಶದ ಊಟಕ್ಕೆ ಇಷ್ಟು ನಿದ್ದೆಗೆಡಬೇಕಾಗಿಲ್ಲ. ಎರಡನೇ ಅರಸುಗಳ ಪುಸ್ತಕದಲ್ಲಿ ನಾಮಾನನ ಕಥೆ ಬರುತ್ತದಲ್ಲ, ಕುಷ್ಠ ವಾಸಿಯಾದ ಸೇನಾಪತಿ. ಅವನು ಊರಿಗೆ ಹೊರಡುವಾಗ ಪ್ರವಾದಿ ಎಲೀಷನ ಬಳಿ ಒಂದು ಸಂಕೋಚ ತೋಡಿಕೊಳ್ಳುತ್ತಾನೆ: ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡು ಹೋಗುತ್ತಾನೆ, ಅವನ ಜೊತೆ ನಾನೂ ಬಾಗಬೇಕಾಗುತ್ತದೆ, ಕ್ಷಮೆ ಸಿಗುತ್ತದೆಯೇ ಎಂದು. ಎಲೀಷ ಉಪದೇಶ ಕೊಡುವುದಿಲ್ಲ, ಸಮಾಧಾನವಾಗಿ ಹೋಗು ಎಂದು ಕಳಿಸುತ್ತಾನೆ. ಕೊರಿಂಥದವರಿಗೆ ಬರೆಯುವಾಗ ಪೌಲನೂ ಅಷ್ಟೇ: ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಕೆದಕಿ ಕೇಳದೆ ಉಣ್ಣಿ, ಇದು ನೈವೇದ್ಯದ್ದು ಎಂದು ಯಾರಾದರೂ ತೋರಿಸಿ ಹೇಳಿದರೆ, ಹೇಳಿದವರ ಮನಸ್ಸಿಗಾಗಿ ಬಿಡಿ, ಇದು ಅವನ ಸಲಹೆಯ ತಿರುಳು. ಎಲ್ಲ ಬೋಧಕರೂ ನನ್ನ ಜೊತೆ ಒಪ್ಪಲಾರರು. ಆದರೆ ಅಣ್ಣ ಮನೆ ಕಟ್ಟಿ ತಂಗಿಯನ್ನು ಕರೆದಾಗ ಹೋಗದೆ ಕೂತಿದ್ದರೆ, ಆ ಹೊಸ ಮನೆಯಲ್ಲಿ ನಿಮ್ಮ ದೇವರ ಬಗ್ಗೆ ಏನು ಮಾತು ನಡೆಯುತ್ತಿತ್ತು, ನೀವೇ ಊಹಿಸಿ.

ಯಜಮಾನರ ಭಾನುವಾರದ ಬಗ್ಗೆ ಎರಡೇ ಮಾತು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ಸಾಲಿನಲ್ಲಿ ನಿಂತ ಮನುಷ್ಯ ಅದೇ ಹೊತ್ತಿಗೆ ಸಭೆಯಲ್ಲಿ ಕೂರುವುದಕ್ಕಾಗುವುದಿಲ್ಲ. ವಾರದ ಮಧ್ಯೆ ಒಂದು ಸಂಜೆ ಮನೆ ಪ್ರಾರ್ಥನೆಗೆ ಬನ್ನಿ ಎಂದು ನಿಮ್ಮ ಸಭೆಯ ಅಯ್ಯನವರನ್ನು ಕೇಳಿ.

ದಶಮಾಂಶದ ವಿಷಯಕ್ಕೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಸಾಕು. ತಂದೆತಾಯಿಗೆ ಸಲ್ಲಬೇಕಾದ್ದನ್ನು ಕೊರ್ಬಾನ್ ಎಂದು, ಅಂದರೆ ದೇವರಿಗೆ ಮುಡಿಪಿಟ್ಟಿದ್ದೇವೆಂದು ಹೇಳಿ ಅವರ ಕೈ ಬರಿದು ಮಾಡುತ್ತಿದ್ದವರನ್ನು ಯೇಸುಸ್ವಾಮಿ ಅಲ್ಲಿ ಕಟುವಾಗಿ ಬೈಯುತ್ತಾರೆ. ಮೊದಲು ಅತ್ತೆಯ ಮಾತ್ರೆ ತನ್ನಿ. ಉಳಿದದ್ದರಲ್ಲಿ ಆದಷ್ಟು ಕಾಣಿಕೆ ಹಾಕಿ.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಮೂರು ಪುಟ ಬರೆದಿದ್ದೀರಿ. ಇಲ್ಲಿ ಅಚ್ಚಾಗಿರುವುದು ಅದರ ಸಾರಾಂಶ. ಆ ಮೂರು ಪುಟವನ್ನು ನಾನು ಒಮ್ಮೆ ಓದಿದೆ. ದೊಡ್ಡದಲ್ಲ ಎಂದು ಕೊನೆಗೆ ಸೇರಿಸಿದ್ದನ್ನು ಮೂರು ಸಲ ಓದಿದೆ. ಕೂಟದವರು ನಿಮ್ಮ ಊಟ ಕೇಳಿದ್ದಾರೆ, ಕಾಣಿಕೆ ಕೇಳಿದ್ದಾರೆ, ಉಪವಾಸ ಕೇಳಿದ್ದಾರೆ. ತೂಕ ಹೇಗೆ ಬರೆಯುತ್ತೀಯಮ್ಮ ಎಂದು ಯಾರೂ ಕೇಳಿಲ್ಲ. ಕೇಳಿದ್ದು ಆ ತಾತ ಒಬ್ಬರೇ.

ಲೆಕ್ಕ ಬರೆಯುವವರು ನೀವು, ಒಂದು ಲೆಕ್ಕ ಹಾಕೋಣ. ಒಬ್ಬ ರೈತ 20 ಮೂಟೆ ಸಣ್ಣ ಈರುಳ್ಳಿ ತಂದ ಅಂದುಕೊಳ್ಳಿ. ಮೂಟೆಗೆ ಎರಡರಂತೆ 40 ಕೇಜಿ ಹೋಯಿತು. ಕೇಜಿಗೆ 30 ರೂಪಾಯಿ ಎಂದರೆ 1,200. ನೀವು ತಿಂಗಳಿಡೀ ಹೊಟ್ಟೆ ಕಟ್ಟಿ ಎತ್ತಿಡುವ ದಶಮಾಂಶಕ್ಕಿಂತ ನೂರು ಹೆಚ್ಚು, ಒಂದೇ ಚೀಟಿಯಲ್ಲಿ, ಒಬ್ಬನ ಬೆವರಿನಿಂದ. ಅದರಲ್ಲಿ ಒಂದು ರೂಪಾಯಿಯೂ ನಿಮಗೆ ಬರುವುದಿಲ್ಲ ಎಂದು ಗೊತ್ತು. ಆದರೆ ಬರೆದ ಪೆನ್ನು ನಿಮ್ಮ ಕೈಯಲ್ಲಿತ್ತು. ಮೋಸದ ತೂಕ ದೇವರಿಗೆ ಹೇಸಿಗೆ ಎಂಬ ಮಾತು ಜ್ಞಾನೋಕ್ತಿಗಳಲ್ಲಿ ಒಂದೆರಡು ಕಡೆಯಲ್ಲ, ಮತ್ತೆ ಮತ್ತೆ ಬರುತ್ತದೆ. ಗೃಹಪ್ರವೇಶದ ಪಾಯಸದ ಬಗ್ಗೆ ಅಷ್ಟು ಸಲ ಹೇಳಿಲ್ಲ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ, ನಾನೂ ಅದೇ ಬೆಂಚಿನಲ್ಲಿ ಕೂತವಳು. ಟೀಚರಾಗಿದ್ದ ಕಾಲದಲ್ಲಿ ನಾನಿದ್ದ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಮೆಯಿತ್ತು. ತಪಾಸಣೆಯ ಮುಂಚೆ, ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಊರು ಬಿಟ್ಟ ಮಕ್ಕಳಿಗೂ ಹಾಜರಿ ಹಾಕಿ ಎಂದರು ಮೇಲಿನವರು. ಹಾಕಿದೆ. ಅವತ್ತು ಶುಕ್ರವಾರ, ನನ್ನ ಉಪವಾಸ. ನೀರೂ ಮುಟ್ಟದೆ ಹನ್ನೊಂದು ಸುಳ್ಳು ಗೀಟು ಎಳೆದಿದ್ದೆ. ಸಂಜೆ ಪ್ರಾರ್ಥನೆಯಲ್ಲಿ ಯಾವ ಯಾವ ಪಾಪಕ್ಕೋ ಕಣ್ಣೀರು ಹಾಕಿದೆ, ಆ ಗೀಟು ನೆನಪಿಗೇ ಬರಲಿಲ್ಲ. ನಿಮಗೆ ಎರಡು ಕೇಜಿ ನೆನಪಿಗೆ ಬಂತಲ್ಲ, ಅಷ್ಟರ ಮಟ್ಟಿಗೆ ನೀವು ನನಗಿಂತ ಮುಂದಿದ್ದೀರಿ.

ಕೆಲಸ ಬಿಡಬೇಕೇ ಎಂದು ಕೇಳುತ್ತೀರಿ. ಬೇಡ. ಲೂಕನ 3ನೇ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನ ಹತ್ತಿರ ಬಂದವರೆಲ್ಲ ನಿಮ್ಮ ಹಾಗೇ ಸಾಮಾನ್ಯರು. ನಾವೇನು ಮಾಡಬೇಕು ಎಂದು ಅವರೂ ಕೇಳಿದರು. ಕಾಡಿನಲ್ಲಿ ಮಿಡತೆ, ಜೇನು ತಿಂದು ಬದುಕಿದ ಆ ಉಗ್ರ ಮನುಷ್ಯ, ನನ್ನ ಹಾಗೆ ಕಾಡಿಗೆ ಬನ್ನಿ ಎಂದು ಒಬ್ಬರಿಗೂ ಹೇಳಲಿಲ್ಲ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಬೇಡ ಎಂದ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಯಾರನ್ನೂ ಕೆಲಸ ಬಿಡಿಸಲಿಲ್ಲ. ಅವರವರು ಕೂತ ಕಟ್ಟೆಯಲ್ಲೇ ಅವರವರ ವಿಧೇಯತೆ ತೋರಿಸಿಕೊಟ್ಟ. ಮಂಡಿಯ ಗುಮಾಸ್ತೆಯೊಬ್ಬಳು ಅವತ್ತು ಸಾಲಿನಲ್ಲಿದ್ದಿದ್ದರೆ ಅವನು ಏನು ಹೇಳುತ್ತಿದ್ದ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡಬಹುದಾದದ್ದು ಇಷ್ಟು. ಧಣಿ ಒಬ್ಬರೇ ಇರುವಾಗ, ಗಿರಾಕಿಗಳ ಮುಂದೆ ಅಲ್ಲ, ಕೇಳಿ: ಅಣ್ಣಾ, ಮಿಷಿನ್ ತೋರಿಸಿದ್ದನ್ನು ಹಾಗೇ ಬರೆಯುತ್ತೇನೆ, ಸೂಟು ತೆಗೆಯುವುದಾದರೆ ಪಕ್ಕದಲ್ಲಿ ಬೇರೆಯಾಗಿ ಕಾಣುವಂತೆ ಬರೆಯುತ್ತೇನೆ ಎಂದು. ತೇವಕ್ಕೆ, ಮಣ್ಣಿಗೆ, ಕೊಳೆತದ್ದಕ್ಕೆ ಕಳೆಯುವ ನಿಜವಾದ ಕಾರಣವಿದ್ದರೆ ಅದು ರೈತನ ಕಣ್ಣೆದುರೇ ಆಗಲಿ, ಅವನು ಒಪ್ಪಲಿ, ಇಲ್ಲವೇ ಜಗಳವಾಡಲಿ. ಬಚ್ಚಿಟ್ಟು ಕಳೆಯುವುದಷ್ಟೇ ನಿಮ್ಮ ಕೈಯಿಂದ ಬೇಡ. ಕಮಿಷನ್ ಕೂಡ ನಿಯಮದಂತೆ ಕೊಳ್ಳುವವನ ಬಾಬ್ತು, ಬೆಳೆದವನದ್ದಲ್ಲ. ನಿಮ್ಮಲ್ಲಿ ಹೇಗೆ ನಡೆಯುತ್ತಿದೆಯೋ ಕಾಣೆ. ಧಣಿ ಗದರಬಹುದು. ಒಪ್ಪಲೂಬಹುದು, ಸರಿಯಾದ ತೂಕದ ಮಂಡಿ ಎಂದು ಹೆಸರು ಬಂದರೆ ರೈತ ತಾನಾಗಿ ಮೂಟೆ ಇಳಿಸುತ್ತಾನೆ, ಇದನ್ನು ಅವರಿಗೆ ಹೇಳಿ ನೋಡಿ. ಒಪ್ಪದಿದ್ದರೆ ಬೇರೆ ಕೆಲಸ ಹುಡುಕುತ್ತಾ ಇರಿ, ಸಿಗುವವರೆಗೆ ಇದನ್ನು ಬಿಡಬೇಡಿ. ಮನೆಯಲ್ಲಿ ಎರಡು ಜೀವ ಮಾತ್ರೆಯ ಮೇಲಿದೆ. ಅಲ್ಲಿಯವರೆಗೂ ಒಂದು ನಿಮ್ಮ ಕೈಯಲ್ಲೇ ಇದೆ: ಕೇಳಿದವರಿಗೆ ಮಿಷಿನ್ ಮೇಲೆ ಹಾಕಿ ಸುಳ್ಳು ಹೇಳದಿರುವುದು. ಎರಡು ಕೇಜಿ ಸೂಟು ಹಿಡಿದಿದ್ದಾರೆ ತಾತ, ಎಂದರೆ ಸಾಕು.

ಹಳೆಯ ತೂಕಕ್ಕೆಲ್ಲ ಈಗ ಏನು ಮಾಡಲಿ ಎಂದು ಕೊರಗಬೇಡಿ. ಸುಂಕದ ಜಕ್ಕಾಯ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ, ನಿಜ. ಅವನು ಸಿರಿವಂತ, ಕಿತ್ತದ್ದು ಅವನ ಜೇಬಿನಲ್ಲೇ ಇತ್ತು.

ನಮ್ಮಂಥವರು ಎಂದು ಬರೆದಿದ್ದೀರಲ್ಲ, ಅದಕ್ಕೊಂದು ಹಳೇ ಮಾತು. 1792ರಲ್ಲಿ ಈ ದೇಶಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ನಮ್ಮ ಮೈಸೂರು ಸೀಮೆಯಲ್ಲಿ ಬಹುಕಾಲ ಕಳೆದವರು. ನಮ್ಮವರ ಉಡುಪು ತೊಟ್ಟರು, ಸಿಡುಬಿನ ಚುಚ್ಚುಮದ್ದು ಹಾಕಿಸಲು ಊರೂರು ತಿರುಗಿದರು, ಹಾಸನದ ಕಡೆ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ನಿಲ್ಲಿಸಿದರು. ಅಷ್ಟು ಮಾಡಿಯೂ 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ ಅವರ ಮನಸ್ಸು ಮುರಿದಿತ್ತು. ಇಂಡಿಯಾದಲ್ಲಿ ಕ್ರೈಸ್ತ ಧರ್ಮ ಬೇರು ಬಿಡುವುದು ಆಗದ ಮಾತು ಎಂದು ಅದೇ ವರ್ಷ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಸಾತಹಳ್ಳಿಯ ಒಕ್ಕಲು ಮಕ್ಕಳು ಆ ಪುಸ್ತಕ ಓದಿರಲಿಲ್ಲ, ಮಾರನೇ ದಿನವೂ ನೇಗಿಲು ಕಟ್ಟಿದರು. ಇವತ್ತಿಗೂ ಆ ಊರಲ್ಲಿ ಚರ್ಚಿನ ಗಂಟೆ ಹೊಡೆಯುತ್ತದೆ.

ಶುಕ್ರವಾರದ ಕೂಟ ಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಜೊತೆಗೆ ಅಳುವ ಹೆಂಗಸರಿದ್ದಾರೆ, ಅದು ಸಣ್ಣ ವಿಷಯವಲ್ಲ. ಮುಂದಿನ ಸಲ ಸಾಕ್ಷಿ ಹೇಳುವ ಸರದಿ ಬಂದಾಗ ಈ ತೂಕದ ಸಂಗತಿಯನ್ನೇ ಎತ್ತಿ. ಅವರಲ್ಲೂ ಕೂಲಿ ಹಿಡಿಯುವವರು, ಹಾಲಿಗೆ ನೀರು ಬೆರೆಸುವವರು ಯಾರಾದರೂ ಇರುತ್ತಾರೆ.

ಅದಕ್ಕೂ ಮೊದಲು, ಈ ಪತ್ರಿಕೆ ಕೆಳಗಿಟ್ಟು ಮಗಳ ಮಾತ್ರೆ ಎಣಿಸಿ. ಹತ್ತು ದಿನಕ್ಕಿಂತ ಕಡಮೆ ಉಳಿದಿದ್ದರೆ, ಹಳೇ ಚೀಟಿ ಹಿಡಿದು ಈ ವಾರವೇ ಚಾಮರಾಜನಗರದ ಆಸ್ಪತ್ರೆಗೆ ಹೊರಡಿ.