ಇಂದಿನ ಧಮ್ಮ ಚಿಂತನೆ: ಬಾ, ನೋಡು



ಯಲಹಂಕದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೇಸಿಗೆಯಲ್ಲಿ ಓದಲು ಲಂಡನ್ನಿಗೆ ಹೋಗಿದ್ದಳು. ಬಾಬಾಸಾಹೇಬರು 1921–22ರಲ್ಲಿ ವಾಸವಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ, ಥೇಮ್ಸ್ ದಡದ ಬಸವಣ್ಣನ ಪ್ರತಿಮೆ, ಅನಾಗಾರಿಕ ಧರ್ಮಪಾಲರು 1926ರಲ್ಲಿ ಆರಂಭಿಸಿದ ಬುದ್ಧ ವಿಹಾರ ಎಲ್ಲವನ್ನೂ ನೋಡಿದಳು. ಚರ್ಚು, ಮಸೀದಿಗೂ ಹೋದಳು. ಸೌತಾಲ್ ಗುರುದ್ವಾರದ ಲಂಗರಿನಲ್ಲಿ ಸಾಲಿನಲ್ಲಿ ಕೂತು ಉಂಡಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ಅಲ್ಲಿನ ಒಂದು ಕನ್ನಡದ ಮನೆಯಲ್ಲಿ, ಊಟಕ್ಕೆ ಕರೆದವರು. "ನಿಮ್ಮದು ಯಾವ ಜನಮ್ಮ?"

"ಬೌದ್ಧರು."

"ಅದಕ್ಕೂ ಮೊದಲು?"

ಅವಳು ಸುಮ್ಮನಾದಳು. ರಾತ್ರಿ ನನಗೆ ಫೋನ್ ಮಾಡಿ, "ಮಿಸ್, ಎಲ್ಲರ ಗುಡಿಗೂ ಹೋಗಿಬಂದೆ. 22 ಪ್ರತಿಜ್ಞೆ ಮುರಿದ ಹಾಗಾಯ್ತಾ?" ಎಂದಳು.

ಇಲ್ಲ ಮಗಳೇ. ನೋಡುವುದು ಬೇರೆ, ಶರಣು ಹೋಗುವುದು ಬೇರೆ. ಧಮ್ಮದ ಗುಣವೇ ಏಹಿಪಸ್ಸಿಕೋ: ಬಾ, ನೋಡು. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಮತಾಂತರ ಘೋಷಿಸಿದ ಮೇಲೆ ಬೇರೆ ಬೇರೆ ಧರ್ಮಗಳನ್ನು ತೂಗಿ ನೋಡಿದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 21 ವರ್ಷಗಳ ನಂತರ, 1956ರ ಅಕ್ಟೋಬರ್ 14ರಂದು.

ಧರ್ಮವನ್ನು ಅಳೆಯಬೇಕಾದದ್ದು ಗೋಪುರದ ಎತ್ತರದಿಂದಲ್ಲ, ಊಟದ ಸಾಲಿನಿಂದ. ಆ ಅಳತೆಗೋಲನ್ನು ನಮ್ಮ ಮೇಲೂ ಇಟ್ಟುಕೊಳ್ಳೋಣ. ವಂದನೆಗೆ ಹೊಸಬರು ಬಂದಾಗ "ಎಡಗೈಯೋ, ಬಲಗೈಯೋ?" ಎಂದು ನಾವೇ ಮೆಲ್ಲಗೆ ವಿಚಾರಿಸಿಲ್ಲವೇ? ಅದೂ "ಅದಕ್ಕೂ ಮೊದಲು?" ಎಂಬ ಅದೇ ಪ್ರಶ್ನೆ.

ಇಂದಿನ ಅಭ್ಯಾಸ: ಈ ಭಾನುವಾರ ಹೊಸಬರ ಹೆಸರು ಕೇಳೋಣ, ಸರಿದು ಕೂತು ಚಾಪೆಯಲ್ಲಿ ಜಾಗ ಕೊಡೋಣ. ಅಷ್ಟು ಸಾಕು.

ಜೈಭೀಮ್ 🙏